ಯಾರ ಗೋಡೆಯ ಮೀನು

ತೊಟ್ಟಿಯ ನೀರು ತಣ್ಣಗಿರಲೆಂದು ಆರ್ವಿಡ್ ಸ್ಲೆಟನ್ ಅದಕ್ಕೆ ಮಂಜುಗಡ್ಡೆ ಹಾಕಿಟ್ಟದ್ದೇ ಎಲ್ಲಕ್ಕೂ ಮೂಲವಾಯಿತು.

ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಆರ್ವಿಡ್, ಮಿನೆಸೋಟದ ಆ ಸರೋವರದೂರಿನಲ್ಲಿ, ಜನ ಹಿಡಿದು ತಂದ ಮೀನಿನ ಚರ್ಮ ಸುಲಿದು, ಹದ ಮಾಡಿ, ಅಚ್ಚಿಗೆ ಹೊದಿಸಿ, ಬಣ್ಣ ಬಳಿದು, ಗೋಡೆಗೆ ತೂಗುವಂತೆ ಮಾಡಿಕೊಡುತ್ತಿದ್ದ. ಈಗ ಅವನ ಗ್ಯಾರೇಜಿನ ತೊಟ್ಟಿಯಲ್ಲಿ ನೆನೆಯುತ್ತಿದ್ದುದು ಗೆಳೆಯ ಎಲ್ರಾಯ್ ಹಿಡಿದಿದ್ದ ಮಸ್ಕಿ ಮೀನಿನ ಚರ್ಮ. ಮೊಸಳೆಯ ಮೂತಿಯ ಭಾರೀ ಮೀನು. ಅದನ್ನು ಹಿಡಿದ ವಾರದಲ್ಲೇ ಎಲ್ರಾಯ್ ತೀರಿಕೊಂಡಿದ್ದ. ಅವನ ಹೆಂಡತಿ ವರ್ನಾ ಅದನ್ನು ಬಹಳ ಕಾಲ ಫ್ರೀಜರಿನಲ್ಲಿಟ್ಟುಕೊಂಡಿದ್ದು, ಕೊನೆಗೊಂದು ದಿನ ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದಳು.

"ಚೆನ್ನಾಗಿ ಮಾಡ್ಕೊಡಿ ಆರ್ವಿಡ್. ಅವನು ಹಿಡಿದ ಕೊನೇ ಮೀನು."

ಆರ್ವಿಡ್ ಚಮಚದಿಂದ ಕೊಬ್ಬು ಹೆರೆದು, ಈಜುರೆಕ್ಕೆಗಳ ಬುಡದಲ್ಲಿ ಒಂದೆಳೆ ಮಾಂಸವೂ ಉಳಿಯದಂತೆ ಬಿಡಿಸಿ, ಚರ್ಮವನ್ನು ಹದಕ್ಕೆ ಹಾಕಿದ್ದ. ಆ ಬೆಳಿಗ್ಗೆ ಚರ್ಮಕ್ಕೆ ಸವರುವ ಬೋರಾಕ್ಸ್ ಪುಡಿ ಮುಗಿದಿತ್ತೆಂದು ಅಂಗಡಿಗೆ ಹೋಗಿ ಬಂದರೆ, ತೊಟ್ಟಿಯ ಪಕ್ಕದಲ್ಲಿ ಪಕ್ಕದ ಮನೆಯ ಲೊರೇನ್! ಒಂದು ಕೈಯಲ್ಲಿ ಸೇಬಿನ ಪೈ, ಇನ್ನೊಂದರಲ್ಲಿ ಹಬೆಯಾಡುವ ಕೆಟಲ್.

"ದಿನಾ ನೋಡ್ತೀನಿ, ಪಾಪ, ನಿಮ್ಮ ಕೈ ಬೀಟ್‌ರೂಟ್ ಥರ ಕೆಂಪಗಾಗಿರುತ್ತೆ. ಅದಕ್ಕೇ ಬಿಸಿನೀರು ಹುಯ್ದೆ. ಇನ್ನು ಆರಾಮಾಗಿ ಕೆಲಸ ಮಾಡಿ."

ಆರ್ವಿಡ್ ತೊಟ್ಟಿಗೆ ಕೈ ಹಾಕಿದ. ಮೀನಿನ ಚರ್ಮಕ್ಕೆ ಬಿಸಿ ತಾಗಿದರೆ ಮುಗಿಯಿತು. ಆ ಭಾರೀ ಮಸ್ಕಿ ಬೆಂದ ಎಲೆಕೋಸಿನಂತೆ ಮುದುರಿತ್ತು. ಎತ್ತಿದರೆ ಅರ್ಧ ಕೈಗೆ ಬಂತು, ಅರ್ಧ ಗೋಂದಾಗಿ ತೊಟ್ಟಿಯಲ್ಲೇ ಉಳಿಯಿತು.

"ಅರೆ, ಚಿಕ್ಕದಾಯ್ತಲ್ರೀ?"

"ಹೌದು, ಲೊರೇನ್."

ಬಯ್ಯುವುದು ಅವನಿಗೆ ಬರುತ್ತಿರಲಿಲ್ಲ. "ಪೈ ಚೆನ್ನಾಗಿದೆ" ಎಂದ, ಇನ್ನೂ ಬಾಯಿಗೆ ಹಾಕುವ ಮೊದಲೇ.

ಮಧ್ಯಾಹ್ನ ಎಲ್ಲವನ್ನೂ ಹೇಳಿಬಿಡೋಣವೆಂದು ವರ್ನಾಗೆ ಫೋನ್ ಮಾಡಿದ. ಅವನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು: "ಎಲ್ರಾಯ್ ಹೇಗಿದಾನೆ?" ಆಮೇಲೆ ತಡವರಿಸಿ, "ಅಯ್ಯೋ, ಮೀನು ಹೇಗಿದೆ ಅಂತ ಕೇಳಿದೆ" ಎಂದಳು.

"ಚೆನ್ನಾಗಿದೆ" ಎಂದು ಆರ್ವಿಡ್ ಫೋನಿಟ್ಟ.

ಗಾಳಕ್ಕೆ ಹುಳ ಮಾರುವ ಗಾರ್ಡಿಯ ಬಳಿ ಹೋಗಿ ಗೋಳು ತೋಡಿಕೊಂಡ. ಗಾರ್ಡಿ ನಕ್ಕ. "ಬೇರೆ ಮಸ್ಕಿ ಕೊಟ್ಬಿಡೋ. ಮೀನಿಗೇನು ಮುಖದ ಗುರುತು ಇರುತ್ತಾ?"

"ಎಲ್ಲಿಂದ ತರ್ಲಿ ಮಾರಾಯಾ?"

"ನಿನ್ನ ಗೋಡೆ ಮೇಲೊಂದು ನೇತಾಡ್ತಿದೆಯಲ್ಲೋ!"

ಬದುಕಿನಲ್ಲಿ ಆರ್ವಿಡ್ ಹಿಡಿದ ಒಂದೇ ಒಂದು ಮಸ್ಕಿ ಅದು. ಮನೆಗೆ ಬಂದವರು ಕೋಟು ಕಳಚುವ ಮೊದಲೇ ಅದರ ಕತೆ ಕೇಳಬೇಕಿತ್ತು. ಆದರೆ "ಎಲ್ರಾಯ್ ಹೇಗಿದಾನೆ" ಎಂಬ ಮಾತು ಕಿವಿ ಬಿಟ್ಟು ಹೋಗಲಿಲ್ಲ. ಸಂಜೆಯೇ ಮೀನನ್ನು ಕೆಳಗಿಳಿಸಿದ. ವಾರಗಟ್ಟಲೆ ಕೂತು ಹಳೇ ಬಣ್ಣ ಉಜ್ಜಿ ತೆಗೆದು, ಎಲ್ರಾಯ್‌ನ ಮೀನಿನ ಮೈಮೇಲಿದ್ದಂಥ ಕಡುಪಟ್ಟೆಗಳನ್ನು ಎಳೆದ. ಅಷ್ಟು ಚೆಂದದ ಕೆಲಸ ಅವನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ವರ್ನಾ ಬಂದು ಅದನ್ನು ಬಾಲದಿಂದ ಮೂತಿಯವರೆಗೂ ನೋಡಿದಳು. ಅದರ ಬೆನ್ನು ಸವರಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಅದನ್ನು ಎತ್ತಿ ಅವನ ತೋಳಿನಲ್ಲೇ ಇಟ್ಟಳು.

"ಇದು ನಿಮಗೇ ಆರ್ವಿಡ್. ಎಲ್ರಾಯ್ ಗಾಳಕ್ಕೆ ಇದು ಸಿಕ್ಕಿದಾಗ ಜೊತೇಲಿದ್ದು, ಬಲೆ ಹಿಡಿದು ದೋಣಿಗೆ ಎಳೆದುಕೊಂಡೋರು ನೀವಂತೆ. ‘ಇದು ಆರ್ವಿಡ್ ಗೋಡೆ ಮೇಲೇ ಇರ್ಬೇಕು’ ಅಂತ ಆಸ್ಪತ್ರೇಲಿ ಹೇಳ್ತಿದ್ದ. ಮೊದಲೇ ಹೇಳಿದ್ರೆ ನಿಮ್ಮದೇ ಅಂತ ಹೇಗೋ ಒಂದು ಮಾಡಿ ಮುಗಿಸ್ತಿದ್ರಿ. ಅದಕ್ಕೇ ಬಾಯಿ ಬಿಡಲಿಲ್ಲ."

ಈಗ ಬಾಯಿ ಬಿಡದೆ ನಿಂತವನು ಆರ್ವಿಡ್.

ಖಾಲಿ ಮೊಳೆಗೆ ಮೀನು ಮತ್ತೆ ನೇತುಬಿತ್ತು. ಲೊರೇನ್ ಬಂದು ನೋಡಿ, "ಆ ಹಳೇ ಪೇಲವ ಮೀನು ತೆಗೆದ್ರಲ್ಲ, ಒಳ್ಳೇದಾಯ್ತು. ಇದು ಮೀನು ಅಂದ್ರೆ!" ಎಂದಳು. ಪ್ರತಿ ಭಾನುವಾರ ಚರ್ಚು ಮುಗಿಸಿ ವರ್ನಾ ಬಂದು ಅದರೆದುರು ಕೂತು ಕಾಫಿ ಕುಡಿದು ಹೋಗುತ್ತಾಳೆ. ಬಂದವರು ಕೋಟು ಕಳಚುತ್ತ ಕೇಳುತ್ತಾರೆ, "ಎಂಥಾ ಮೀನು! ಹಿಡಿದೋರು ಯಾರು?"

"ಎಲ್ರಾಯ್" ಎನ್ನುತ್ತಾನೆ ಆರ್ವಿಡ್.