ಅಣ್ಣನ ಎದೆಯೊಳಗಿನ ಕುರಿರೊಪ್ಪ

ನಮ್ಮಣ್ಣ ಯಾರಿಗೂ ಸುಮ್ಮನೆ ಕೈಮುಗಿದವನಲ್ಲ. ಎದುರಿನವರ ಕೈಯನ್ನೇ ಹಿಡಿದು ತಪಾಸಣೆ ಮಾಡುತ್ತಾನೆ! ಮಿಡಿಗೇಶಿಯ ನಮ್ಮ ಮನೆಗೆ ಬಂದ ನೆಂಟರು ನೀರು ಕುಡಿಯುವ ಮೊದಲೇ ನಾಡಿ ತೋರಿಸಬೇಕು. ಮೂವತ್ತು ವರ್ಷ ಕುರಿ ಸಾಕಿ, ಅವುಗಳ ಒಳತೊಡೆಗೆ ಬೆರಳಿಟ್ಟು ನಾಡಿ ನೋಡಿ ಕಾಯಿಲೆ ಕಂಡುಹಿಡಿದವನು. ಮನುಷ್ಯರ ವಿಷಯದಲ್ಲಿ ಮಣಿಕಟ್ಟಿಗೇ ನಿಂತದ್ದು ನೆಂಟರ ಪುಣ್ಯ!

"ನಿಮ್ದು ಒಳ್ಳೆ ಟಗರಿನ ನಾಡಿ ಕಣ್ ಮಾವ" ಎಂದು ನನ್ನ ಮಾವನಿಗೆ ಹೇಳಿದ. ಅತ್ತೆಗೆ ಏನು ಹೇಳಿದ ಎಂದು ಮಾತ್ರ ಕೇಳಬೇಡಿ.

ಒಮ್ಮೆ ಶಾಲೆಯ ಜಗುಲಿಯಲ್ಲಿ ಆಶಾ ಕಾರ್ಯಕರ್ತೆ ಗೊಂಬೆ ಮಲಗಿಸಿ, ಉಸಿರು ನಿಂತು ಬಿದ್ದವರ ಎದೆಯನ್ನು ಎಣಿಸಿ ಎಣಿಸಿ ಒತ್ತುವುದನ್ನು ಕಲಿಸಿದಳು. ಅಣ್ಣ ಮನೆಗೆ ಬಂದವನೇ ಉಣ್ಣೆ ಮೂಟೆಯ ಮೇಲೆ ಅಭ್ಯಾಸ ಶುರು ಮಾಡಿದ.

"ಬಾರ್ಲಾ, ನೀನೂ ಒತ್ತು."

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಮೂಟೆಗೆ ಪಾಠ ಒಪ್ಪಿಸುತ್ತೇನೆಯೇ? "ಮೂಟೆ ಎದ್ದು ಕುಂತ್ರೆ ಕರಿ ಅಣ್ಣ" ಎಂದು ನಕ್ಕು ಹೋದೆ.

ಒಂದು ಬೆಳಗ್ಗೆ ಅಣ್ಣ ತನ್ನ ನಾಡಿಯನ್ನೇ ಹಿಡಿದು ಕುಳಿತಿದ್ದ.

"ಲೇ, ಎದೆಯಾಗೆ ರೊಪ್ಪದ ಬಾಗ್ಲು ತೆಗ್ದಂಗಾಗೈತೆ ಕಣ್ಲಾ. ಕುರಿಯೆಲ್ಲಾ ಒಂದೇ ಸಲ ನುಗ್ತಾವೆ. ಕಣ್ಣು ಕತ್ಲೆ ಬತ್ತೈತೆ. ಆಸ್ಪತ್ರೆಗೆ ಹೋಗಾನ."

"ನೆನ್ನೆ ಸಂತೇಲಿ ತಿಂದ ಬೋಂಡ ಅದು! ಗ್ಯಾಸು. ಸೋಡಾ ಕುಡಿ."

ಸೋಡಾ ತಂದೆ. ಗೋಲಿ ಒತ್ತುವಷ್ಟರಲ್ಲಿ ಅಣ್ಣ ಅಂಗಳದಲ್ಲಿ ಕುಸಿದ. ಕರೆದರೆ ಓಗೊಡಲಿಲ್ಲ. ಉಸಿರಿಲ್ಲ. ನಾನು ಬಾಟಲಿ ಹಿಡಿದು ಕಂಬದಂತೆ ನಿಂತೆ. ಅತ್ತಿಗೆ ಚೀರಿದ್ದು ಕೇಳಿ ಎದುರು ಮನೆಯ ಅದೇ ಆಶಾ ಕಾರ್ಯಕರ್ತೆ ಓಡಿ ಬಂದಳು.

"ಏನ್ ನೋಡ್ಕೊಂಡು ನಿಂತಿದ್ದೀಯಾ? ನೂರೆಂಟಕ್ಕೆ ಫೋನ್ ಮಾಡು!"

ಅಣ್ಣನ ಎದೆಯ ನಡುವೆ ಎರಡೂ ಕೈ ಇಟ್ಟು, ಜೋರಾಗಿ, ಬೇಗಬೇಗ ಒತ್ತಿದಳು; ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ. ಅದರಲ್ಲಿ ಬಂದವರು ಮಿಷನ್ನಿನಿಂದ ಎದೆಗೆ ಕರೆಂಟು ಕೊಟ್ಟ ಮೇಲೆ ನಾಡಿ ಮರಳಿತು.

ಈಗ ಅಣ್ಣನ ಎಡಭುಜದ ಕೆಳಗೆ, ಚರ್ಮದೊಳಗೆ, ಎದೆಬಡಿತ ಹದ ತಪ್ಪಿದರೆ ತಾನೇ ಕರೆಂಟು ಕೊಡುವ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದ್ದಾರೆ. "ರೊಪ್ಪಕ್ಕೆ ನಾಯಿ ಕಟ್ಟವ್ರೆ. ಕುರಿ ನುಗ್ಗಿದ್ರೆ ಅದೇ ಬೊಗಳ್ತೈತೆ" ಎಂದು ಬಂದ ನೆಂಟರಿಗೆಲ್ಲ ಅಂಗಿ ಸರಿಸಿ ತೋರಿಸುತ್ತಾನೆ. ಜೊತೆಗೆ ಇನ್ನೊಂದು ಮಾತು: "ನನ್ ತಮ್ಮನೇ ಎದೆ ಒತ್ತಿ ಉಳಿಸ್ದ!" ಜನ ನನ್ನ ಬೆನ್ನು ತಟ್ಟುತ್ತಾರೆ. ನಾನು ನೆಲ ನೋಡುತ್ತೇನೆ.

ಮೊನ್ನೆ ತಡೆಯಲಾಗಲಿಲ್ಲ.

"ಒತ್ತಿದ್ದು ನಾನಲ್ಲ ಅಣ್ಣ. ಸೋಡಾ ಹಿಡ್ಕೊಂಡು ನಿಂತಿದ್ದೆ."

"ಗೊತ್ತು ಕಣ್ಲಾ. ನಿಮ್ಮತ್ತಿಗೆ ಆವತ್ತೇ ಹೇಳವ್ಳೆ."

"ಮತ್ಯಾಕೆ ಅಂಗೆ ಹೇಳ್ಕೊಂಡು ತಿರುಗ್ತೀಯಾ?"

"ಇನ್ನೊಂದ್ಸಲ ಬಿದ್ರೆ, ಹೆಸ್ರು ಉಳಿಸ್ಕೊಳ್ಳಾಕಾದ್ರೂ ಒತ್ತೀಯಲ್ಲ!"

ನಕ್ಕು, ನನ್ನ ಕೈ ಎಳೆದು ನಾಡಿಗೆ ಬೆರಳಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಕುರಿ ಬೆದರೈತೆ, ಅಷ್ಟೆ. ಸರಿಹೋಗ್ತೈತೆ ಬುಡು."

ಮೂಲೆಯಲ್ಲಿದ್ದ ಉಣ್ಣೆ ಮೂಟೆಯನ್ನು ಎಳೆದು ತಂದು ಮಂಡಿಯೂರಿದೆ. ಅಣ್ಣ ಎಣಿಸತೊಡಗಿದ.