ಸದ್ದಾದ ಕಡೆ ಬೆಳಕು

ನನ್ನ ಗೆಳೆಯನೊಬ್ಬ ಗುಂಡ್ಲುಪೇಟೆಯಲ್ಲಿ ಫೋಟೋಗ್ರಾಫರ್. ಮದುವೆಯಲ್ಲಿ ಹೆಣ್ಣು ಗಂಡನ್ನು ಬಿಟ್ಟು ಮಿಕ್ಕವರೆಲ್ಲರನ್ನೂ ಇಷ್ಟು ಚೆನ್ನಾಗಿ ತೆಗೆಯುವವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ! ತಮಾಷೆಗೆ ಹೇಳುತ್ತಿಲ್ಲ. ಅವನು ಮಾಡಿಕೊಟ್ಟ ಯಾವ ಆಲ್ಬಮ್ಮನ್ನಾದರೂ ಬಿಡಿಸಿ ನೋಡಿ. ಮಂಟಪದಲ್ಲಿ ಹೆಣ್ಣು ಗಂಡು ಮೋಡ ಕವಿದ ಸಂಜೆಯಲ್ಲಿ ಸಿಕ್ಕಿಕೊಂಡವರ ಹಾಗೆ ಕೂತಿರುತ್ತಾರೆ. ಮೂಲೆಯಲ್ಲಿ ಕೆಮ್ಮುತ್ತಿರುವ ಅಜ್ಜಿ ಮಾತ್ರ, ಮೂಗುಬೊಟ್ಟಿನ ಹರಳು ಕೂಡ ಕಾಣುವಷ್ಟು ಬೆಳಗುತ್ತಿರುತ್ತಾಳೆ. ಇದಕ್ಕೆ ಕಾರಣವೇನೆಂದು ನನಗೆ ಗೊತ್ತು. ನಾನು ಬೇಗೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಕಂಡದ್ದನ್ನು ಕಂಡ ಹಾಗೆ, ಒಂದಾದ ಮೇಲೆ ಒಂದು ಹೇಳುವುದು ರೂಢಿಯಾಗಿದೆ. ಆದ್ದರಿಂದ ಕಾರಣ ಆಮೇಲೆ. ಮೊದಲು ಬ್ಯಾಗಿನ ವಿಷಯ.

ಅವನ ಕ್ಯಾಮೆರಾ ಬ್ಯಾಗನ್ನು ಅವನು ನೆಲಕ್ಕೆ ಇಡುವುದಿಲ್ಲ. ಕ್ಯಾರಿಯರ್ ಮೇಲೂ ಇಡುವುದಿಲ್ಲ. ಅಲುಗಾಡಿದರೆ ಅದಕ್ಕೆ ತಲೆ ಸುತ್ತುತ್ತದಂತೆ! ಒಮ್ಮೆ ನಾವಿಬ್ಬರೂ ಚಾಮರಾಜನಗರದ ಬಸ್ಸು ಹತ್ತಿದೆವು. ಕಿಟಕಿ ಪಕ್ಕದ ಸೀಟಿನಲ್ಲಿ ಬ್ಯಾಗು, ಅದರ ಪಕ್ಕ ಅವನು. ನಾನು ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರ್ ಬಂದರು.

"ಯಾರ್ದಪ್ಪಾ ಬ್ಯಾಗು? ಎತ್ತಿ ಮ್ಯಾಲಾಕು."

"ಅದ್ಕೂ ಒಂದು ಟಿಕೆಟ್ ಕೊಡಿ ಸಾರ್," ಎಂದ ನಮ್ಮವನು.

ಕಂಡಕ್ಟರ್ ಬ್ಯಾಗನ್ನೊಮ್ಮೆ ಅವನನ್ನೊಮ್ಮೆ ನೋಡಿದರು. "ಗಂಡಾ, ಹೆಣ್ಣಾ? ಹೆಣ್ಣಾದ್ರೆ ಆಧಾರ್ ತೋರ್ಸಿ, ಫ್ರೀ."

"ಗಂಡು ಸಾರ್. ತಕ್ಕಂಡು ಮೂರ್ ವರ್ಸ ಆಯ್ತು."

"ಮೂರ್ ವರ್ಸದ ಮಗೀಗೆ ಎಲ್ಲಾದ್ರೂ ಟಿಕೆಟ್ ಉಂಟಾ? ತೊಡೆ ಮ್ಯಾಲೆ ಕೂರುಸ್ಕಳಪ್ಪ!"

ಬಸ್ಸಿಡೀ ನಕ್ಕಿತು. ಅವನು ನಗಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿಲು ಬೀಳದಂತೆ ಟವಲು ಹೊದಿಸಿದ. ಅಂತೂ ನನಗೊಂದು ಸೀಟು ಸಿಕ್ಕಿತು.

ಇನ್ನು ಲೆನ್ಸುಗಳು. ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ಯಾರದೋ ಪ್ರೀ-ವೆಡ್ಡಿಂಗ್ ಶೂಟಿಗೆ ಹೋಗಿಬಂದ ಮೇಲೆ ಅವನ ಒಂದು ಲೆನ್ಸಿನೊಳಗೆ ಬೂಷ್ಟು ಹಿಡಿಯಿತು. ಥಂಡಿ ಹೀರಲು ಅಕ್ಕಿಗಿಂತ ಒಳ್ಳೆಯದಿಲ್ಲ ಎಂದು ಯಾರೋ ಹೇಳಿದರು. ಸರಿ, ಅಂದಿನಿಂದ ಲೆನ್ಸುಗಳೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಯ ಅಕ್ಕಿ ಡಬ್ಬದಲ್ಲಿ ಸಂಸಾರ ಹೂಡಿದವು. ಅವನ ಅವ್ವ ಪ್ರತಿದಿನ ಬೆಳಿಗ್ಗೆ ಪಾವು ಹಾಕಿ ಅಕ್ಕಿ ತೆಗೆಯುವ ಮುನ್ನ ಮಗನ ಅಪ್ಪಣೆ ಪಡೆಯಬೇಕಾಯಿತು. ಆ ತಾಯಿಗೂ ತನ್ನದೇ ಚಿಂತೆ. ಅಕ್ಕಿಗೆ ಹುಳ ಬೀಳಬಾರದಲ್ಲ? ಹಿಡಿ ತುಂಬ ಒಣಮೆಣಸಿನಕಾಯಿ ತಂದು ಡಬ್ಬದೊಳಗೆ ಹಾಕಿದರು.

ಆ ವಾರ ಬೇಗೂರಿನಲ್ಲಿ ಮದುವೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಲೆನ್ಸಿಗೆ ಅಂಟಿದ್ದ ಮೆಣಸಿನಕಾಯಿಯ ಘಾಟು ಅವನ ಕಣ್ಣಿಗೆ ಹತ್ತಿತು. ಬಳಬಳ ನೀರು! ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಕರ್ಚೀಫು. ಹೆಣ್ಣಿನ ಕಡೆಯ ಹೆಂಗಸೊಬ್ಬರು ಅದನ್ನು ಕಂಡು ಕರಗಿ ಹೋದರು: "ನೋಡು ಕಣಮ್ಮಿ, ನಮ್ ಹುಡ್ಗಿ ಓಯ್ತಾಳಲ್ಲಾ ಅಂತ ಫೋಟೋದವರೂ ಅಳ್ತಾವ್ರೆ!" ಅದನ್ನು ಕೇಳಿ ಹೆಣ್ಣಿನ ಕಡೆಯವರೆಲ್ಲ ಅತ್ತರು. ಊಟದ ಹೊತ್ತಿಗೆ ಅವನ ಎಲೆಗೆ ಎಲ್ಲರಿಗಿಂತ ಹೆಚ್ಚು ಒಬ್ಬಟ್ಟು ಬಿತ್ತು.

ಈಗ ಕಾರಣಕ್ಕೆ ಬರೋಣ.

ಫೋಟೋಗ್ರಾಫರ್ ಎಂದ ಮೇಲೆ ಲೈಟು ಹಿಡಿಯುವವನೊಬ್ಬ ಬೇಕು. ಉದ್ದನೆಯ ಕೋಲಿನ ತುದಿಗೆ ಎಲ್‌ಇಡಿ ಲೈಟು, ಸೊಂಟಕ್ಕೆ ಬ್ಯಾಟರಿ. ಮಂಟಪದ ಪಕ್ಕ ನಿಂತು ಹೆಣ್ಣು ಗಂಡಿನ ಮೇಲೆ ಬೆಳಕು ಬಿಡಬೇಕು. ಇಷ್ಟೇ ಕೆಲಸ. ನನ್ನ ಗೆಳೆಯನಿಗೆ ಲೈಟು ಹಿಡಿಯುತ್ತಿದ್ದವರು ಅವನ ಅಪ್ಪ.

ಅವರು ಹಂಗಳದವರು. ಕಾಡಂಚಿನ ಹೊಲದಲ್ಲಿ ಜೋಳ, ಅರಿಶಿನ ಬೆಳೆದುಕೊಂಡು, ಅಟ್ಟಣೆಯ ಮೇಲೆ ಟಾರ್ಚು ಹಿಡಿದು ಹಂದಿ, ಆನೆ ಕಾಯುತ್ತಲೇ ಅರ್ಧ ಆಯುಷ್ಯ ಕಳೆದವರು. ಮೊಣಕಾಲು ನೋವು ಬಂದು ಅಟ್ಟಣೆ ಹತ್ತಲಾಗದೆ ಹೊಲವನ್ನು ತಮ್ಮನಿಗೆ ಒಪ್ಪಿಸಿ ಮಗನ ಮನೆಗೆ ಬಂದಿದ್ದರು. ಅಟ್ಟಣೆ ಬಿಟ್ಟರೂ ಅವರ ಕೈ ಅಟ್ಟಣೆಯ ಮೇಲೇ ಇತ್ತು. ಎಲ್ಲಿ ಸದ್ದಾಯಿತೋ ಅಲ್ಲಿಗೆ ಬೆಳಕು ತಿರುಗಲೇಬೇಕು!

ಯೋಚಿಸಿ ನೋಡಿ. ಮದುವೆಮನೆಯಲ್ಲಿ ಸದ್ದಿಗೇನು ಬರ? ಮಗು ಅತ್ತಿತು, ಲೈಟು ಅತ್ತ. ಲೋಟ ಬಿತ್ತು, ಲೈಟು ಇತ್ತ. ಅಜ್ಜಿ ಕೆಮ್ಮಿದಳು, ಲೈಟು ಅಜ್ಜಿಯ ಮೇಲೆ. ಇಡೀ ಛತ್ರದಲ್ಲಿ ಸದ್ದು ಮಾಡದೆ ತಲೆ ತಗ್ಗಿಸಿ ಕೂತವಳು ಮದುವೆಯ ಹೆಣ್ಣೊಬ್ಬಳೇ. ಹಾಗಾಗಿ ಅವಳಿಗೆ ಕತ್ತಲೆ!

"ಅಪ್ಪಾ, ಹೆಣ್ಣಿನ ಮ್ಯಾಲೆ ಬುಡಪ್ಪಾ ಲೈಟಾ!" ಎಂದು ಇವನು ಕೂಗಿಕೊಳ್ಳುತ್ತಿದ್ದ.

"ಅಲ್ಲೇನೋ ಸದ್ದಾಯ್ತು ಕಣ್ಲಾ."

"ಆದ್ರೆ ಆಗ್ಲಿ ಬುಡು. ಅಲ್ಲೇನು ಆನೆ ಬಂದದಾ?"

"ನೋಡ್ದೆ ಎಂಗ್ಲಾ ಗೊತ್ತಾಗದು?"

ತರಗತಿಯಲ್ಲಿ ನಾನೂ ಹೇಳಿಕೊಡುವುದು ಇದನ್ನೇ!

ಒಮ್ಮೆ ಅವನು ಮೂರು ಕಾಲಿನ ಸ್ಟ್ಯಾಂಡೊಂದನ್ನು ತಂದ. ಲೈಟನ್ನು ಅದಕ್ಕೆ ಬಿಗಿದುಬಿಟ್ಟರೆ ಆಯಿತು, ತಿರುಗುವುದೇ ಇಲ್ಲ. ಅಪ್ಪ ಆ ಸ್ಟ್ಯಾಂಡನ್ನು ಒಂದು ಸುತ್ತು ಹಾಕಿ ನೋಡಿದರು. "ಕಬ್ಬುಣದ ಕೋಲೇ ನೋಡ್ಕತದೆ ಅಂದ್ರೆ ನಾನ್ಯಾಕ್ಲಾ ಬರ್ಲಿ?" ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಅವತ್ತು ಮುದ್ದೆಯನ್ನೂ ಮುಟ್ಟಲಿಲ್ಲವಂತೆ. ಮಾರನೆಯ ದಿನ ನಾನು ಹೋದಾಗ ಸ್ಟ್ಯಾಂಡು ಹಿತ್ತಲಲ್ಲಿ ನಿಂತಿತ್ತು. ಅದರ ಮೇಲೆ ಅವ್ವನ ಸೀರೆ ಒಣಗುತ್ತಿತ್ತು.

"ಬೇರೆ ಯಾರನ್ನಾದರೂ ಇಟ್ಟುಕೊಳ್ಳಬಾರದೇನೋ?" ಎಂದು ಕೇಳಿದ್ದೆ.

"ನಾನೇನು ಕಟ್ಕಂಡೋಗ್ಬೇಕು? ಅಪ್ಪ ಬತ್ತಾರೆ, ಹಿಡೀತಾರೆ, ನಾಕ್ ಜನದ ತಾವ ಮಾತಾಡ್ಕಂಡು ನಗ್ತಾರೆ. ಫೋಟೋ ವಸಿ ಮಬ್ಬಾದ್ರೆ ಆಗ್ಲಿ ಬುಡು," ಎಂದ. ಬ್ಯಾಗಿಗೆ ಟಿಕೆಟ್ ಕೇಳುವ ಮನುಷ್ಯನ ಬಾಯಲ್ಲಿ ಬಂದ ಮಾತು ಇದು!

ಜನರೂ ಮೊದಮೊದಲು ಜಗಳಕ್ಕೆ ಬಂದರು, ಆಮೇಲೆ ಸುಮ್ಮನಾದರು. ವರ್ಷ ಕಳೆದು, ಆ ಕೆಮ್ಮುವ ಅಜ್ಜಿ ಹೋದ ಮೇಲೆ, ಅದೇ ಆಲ್ಬಂ ಹಿಡಿದು ಸ್ಟುಡಿಯೋಗೆ ಬಂದು, "ನಮ್ಮಜ್ಜಿದು ಇದೊಂದೇ ಚೆಂದಾಗಿರದು ಕಣಣ್ಣ, ದೊಡ್ಡದು ಮಾಡ್ಕೊಡು," ಎನ್ನುವವರನ್ನು ನಾನೇ ಅಲ್ಲಿ ಕೂತು ನೋಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಇಲ್ಲಿಂದ ಮುಂದಿನದನ್ನು ನಾನು ಸ್ವಲ್ಪ ನಿಧಾನವಾಗಿ ಬರೆಯಬೇಕು. ಬೆಳಿಗ್ಗೆ ಜಗಲಿಯ ಮೇಲೆ ಕೂತು ಕಾಫಿ ಕೇಳಿದವರು, ಕಾಫಿ ಬರುವುದರೊಳಗೆ ಹೋಗಿಬಿಟ್ಟಿದ್ದರು. ಲೋಟ ಹಿಡಿದು ಬಂದ ಅವ್ವ, ನಿದ್ದೆ ಬಂದಿದೆ ಎಂದುಕೊಂಡು ಅದನ್ನು ಪಕ್ಕದಲ್ಲಿಟ್ಟು ತಟ್ಟೆ ಮುಚ್ಚಿದರಂತೆ. ನಾನು ಹೋದಾಗಲೂ ಆ ಲೋಟ ಅಲ್ಲೇ ಇತ್ತು.

ಅವರ ಮನೆತನದಲ್ಲಿ ತೀರಿಕೊಂಡವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವಿನ ನಡುವೆ ಕೂರಿಸುತ್ತಾರೆ. ಮಣ್ಣಿಗೆ ಹೊರಡುವ ಮುನ್ನ ಮನೆಯವರೆಲ್ಲ ಅಕ್ಕಪಕ್ಕ ಕೂತು ಕೊನೆಯದಾಗಿ ಒಂದು ಫೋಟೋ ತೆಗೆಸುವುದೂ ಉಂಟು. ಎಷ್ಟೋ ಮನೆಗಳಲ್ಲಿ ಅಂಥ ಫೋಟೋ ತೆಗೆದಿದ್ದ ನನ್ನ ಗೆಳೆಯ ಅಂದು ತಾನೇ ಅಪ್ಪನ ಪಕ್ಕ ಕೂತಿದ್ದ. ಚಾಮರಾಜನಗರದಿಂದ ಇನ್ನೊಬ್ಬ ಫೋಟೋಗ್ರಾಫರ್ ತಮ್ಮ ಲೈಟಿನವನ ಜೊತೆ ಬಂದಿದ್ದರು. ನಮ್ಮವನಿಗೆ ಸುಮ್ಮನಿರಲು ಆದೀತೇ?

"ಅಣ್ಣಾ, ಹಿಂದ್ಗಡೆ ಕಿಟಕಿ ಮುಚ್ಚುಸ್ಬುಡಿ, ಮುಕ ಕಪ್ಪಾಯ್ತದೆ," ಎಂದ. ಅಳುತ್ತಿದ್ದ ಕೆಲವರು ಅಳುವಿನ ನಡುವೆಯೇ ನಕ್ಕರು.

ಆಗ ಬಾಗಿಲ ಬಳಿ ಯಾರೋ ಹೆಂಗಸು ಜೋರಾಗಿ ಅತ್ತುಕೊಂಡು ಬಂದರು. ಅವನು ತಟ್ಟನೆ ಲೈಟಿನ ಕಡೆ ನೋಡಿದ. ಲೈಟು ಅಲುಗಲಿಲ್ಲ. ಅಪ್ಪನ ಮುಖದ ಮೇಲೇ ನಿಂತಿತ್ತು.

"ಅಲ್ಲಿ ಸದ್ದಾಯ್ತಲ್ಲಾ," ಎಂದ, ಮೆಲ್ಲಗೆ. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿರಬೇಕು.

ಆಮೇಲೆ ಅವನು ಮದುವೆಗಳನ್ನು ಬಿಟ್ಟುಬಿಟ್ಟ. ಸ್ಟುಡಿಯೋ ತೆರೆಯುತ್ತಿದ್ದ, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದ. ಮದುವೆಯವರು ಬಂದರೆ ಬೇರೆಯವರ ನಂಬರ್ ಕೊಟ್ಟು ಕಳಿಸುತ್ತಿದ್ದ. ಸುಲ್ತಾನ್ ಬತ್ತೇರಿ ಕಡೆಯ ಒಬ್ಬರಿಗೆ ಲೆನ್ಸು, ಕ್ಯಾಮೆರಾ ಎಲ್ಲವನ್ನೂ ಕೊಟ್ಟುಬಿಡುವ ಮಾತು ನಡೆದಿದೆ ಎಂದು ಅವ್ವ ನನಗೆ ಫೋನ್ ಮಾಡಿದರು. "ಡಬ್ಬದಾಗೆ ಬರೀ ಅಕ್ಕಿ ಇದ್ರೆ ನಾನೇನ್ ಮಾಡ್ಲಿ ಕಣಪ್ಪ? ನೀನಾದ್ರೂ ಬಂದು ಬುದ್ಧಿ ಹೇಳು," ಎಂದರು.

ನಾನು ಹೇಳಿದೆ. ಅವನು ಕೇಳಲಿಲ್ಲ. ಕೊನೆಗೊಂದು ದಿನ ನಾನು ಸ್ಟುಡಿಯೋದಲ್ಲಿರುವಾಗ ಹರದನಹಳ್ಳಿಯಿಂದ ಒಬ್ಬ ಯಜಮಾನರು ಬಂದರು. ಅವರ ಮಗಳ ಮದುವೆಗೆ ಅಪ್ಪ ಬದುಕಿದ್ದಾಗಲೇ ಮಾತಾಗಿತ್ತು. ಬೇರೆಯವರ ನಂಬರ್ ಬರೆದ ಚೀಟಿ ಕೊಡಲು ಹೋದರೆ ಅವರು ಅದನ್ನು ಮುಟ್ಟಲೂ ಇಲ್ಲ.

"ನಿಮ್ಮಪ್ಪ ನಮ್ಮನೆ ಎಲೆ ಅಡಿಕೆ ಈಸ್ಕಂಡು ಬತ್ತೀವಿ ಅಂದವ್ರೆ. ಅವರಂತೂ ಬರಂಗಿಲ್ಲ. ನೀನೂ ಬರಾಕಿಲ್ಲ ಅಂದ್ರೆ ಎಂಗಪ್ಪಾ?"

ಅವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಐಕ್ಳಿಗೆ ಬೆಳಕಿನ ಪಾಠ ಮಾಡ್ತೀಯಲ್ಲ, ಲೈಟ್ ಹಿಡ್ಯಕೆ ಬತ್ತದಾ?"

ಹೀಗೆ ನಾನು ಹರದನಹಳ್ಳಿಯ ಮದುವೆಯಲ್ಲಿ ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು ನಿಂತೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ವರ್ಷ ವರ್ಷ ಹೇಳಿದ್ದೇನೆ. ಅದು ಇಷ್ಟು ಭಾರವಾಗಿರುತ್ತದೆ ಎಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ! ಆದರೆ ನಾನು ಕಟ್ಟುನಿಟ್ಟಿನ ಮನುಷ್ಯ. ಮಗು ಅತ್ತರೂ ಲೋಟ ಬಿದ್ದರೂ ಲೈಟನ್ನು ಹೆಣ್ಣಿನ ಮುಖದಿಂದ ಕದಲಿಸಲಿಲ್ಲ. ಅವನು ಒಂದಿಷ್ಟು ಫೋಟೋ ತೆಗೆದ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿಕೊಂಡ. ಮತ್ತೊಂದಿಷ್ಟು ತೆಗೆದ, ನೋಡಿಕೊಂಡ. ಆಮೇಲೆ ಮಂಟಪದಿಂದ ಇಳಿದು ಛತ್ರದ ಹಿಂದಕ್ಕೆ ಹೋದ.

ನಾನು ಲೈಟು ಆರಿಸಿ ಹಿಂದೆಯೇ ಹೋದೆ. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ. ಬ್ಯಾಗು ನೆಲದ ಮೇಲಿತ್ತು. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

"ಯಾಕ್ಲಾ? ನಾನು ಸರಿಯಾಗಿ ಹಿಡೀಲಿಲ್ವಾ?"

"ಸರಿಯಾಗೇ ಹಿಡ್ದಿದ್ದೀಯ. ಎಲ್ಲಾನೂ ಸರಿಯಾಗೇ ಬತ್ತಾ ಅವೆ," ಎಂದ. "ಅದೇ ಕಣ್ಲಾ ನನ್ ಕೈಲಿ ನೋಡಕ್ಕಾಯ್ತಿಲ್ಲ."

ನಾನೂ ಕಟ್ಟೆಯ ಮೇಲೆ ಕೂತೆ. ಒಳಗೆ ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಹೆಣ್ಣಿನ ತಂದೆ ಹಿಂಬಾಗಿಲಿಗೆ ಬಂದರು, ನಮ್ಮನ್ನು ನೋಡಿದರು, ಕರೆಯಲಿಲ್ಲ. ಬಾಗಿಲು ಹಿಡಿದು ನಿಂತರು. ಅವನು ಅವರನ್ನು ನೋಡಿದ. ಎದ್ದು, ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡ.

ಗಟ್ಟಿಮೇಳ ಶುರುವಾದಾಗ ಅವನು ಮಂಟಪದ ಎದುರು ಮೊಣಕಾಲೂರಿದ್ದ. ನಾನು ಅವನ ಬೆನ್ನ ಹಿಂದೆ. ಅಕ್ಷತೆ ಹಾಕುವವರೆಲ್ಲ ಒಮ್ಮೆಗೇ ನುಗ್ಗಿದರು. ಹೆಣ್ಣಿನ ಮುಖಕ್ಕೆ ಯಾರದೋ ತಲೆಯ ನೆರಳು ಬಿತ್ತು. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೂಗಿದ:

"ಅಪ್ಪಾ, ವಸಿ ಮ್ಯಾಲಕೆತ್ತು!"

ಕೂಗಿದ ಮೇಲೆ ಅವನ ಬೆನ್ನು ಹಾಗೇ ಸೆಟೆದುಹೋಯಿತು. ಗಂಡಿನ ಕೈಯಲ್ಲಿ ತಾಳಿ ಇತ್ತು.

"ಎತ್ದೆ ಕಣ್ಲಾ," ಎಂದೆ.

ಅವನು ಹಿಂತಿರುಗಿ ನೋಡಲಿಲ್ಲ. ಕ್ಯಾಮೆರಾ ಕ್ಲಿಕ್ಕೆಂದಿತು. ಮತ್ತೆ ಕ್ಲಿಕ್ಕೆಂದಿತು. "ಇನ್ನೂ ವಸಿ," ಎಂದ. ನಾನು ತುದಿಗಾಲಿನಲ್ಲಿ ನಿಂತೆ. ಲೈಟು ಭಾರವಾಗಿತ್ತು. ಇಳಿಸಲಿಲ್ಲ.