ಉಂಡಮೇಲೆ ಕಾರು ನೋಡಿದ್ದು

ನನ್ನ ನಾಲಗೆಗೆ ಒಂದು ದೌರ್ಬಲ್ಯವಿದೆ. ರುಚಿಯ ವಿಷಯ ಹೇಳುತ್ತಿಲ್ಲ, ಅದೂ ಇದೆ. ಯಾರ ಮನೆಯಲ್ಲಾದರೂ ನಾಲ್ಕು ತುತ್ತು ಉಂಡರೆ ಸಾಕು, ಆಮೇಲೆ ಅವರ ಮನೆಯ ಬೆಕ್ಕಿನ ಮೇಲೂ ದೂರು ಹೇಳಲು ಅದು ಏಳುವುದಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಮಗ್ಗಿ ಮರೆತೆ, ಇದನ್ನು ಮರೆಯಲಿಲ್ಲ. ನಮ್ಮಪ್ಪ ಈ ವಿಷಯದಲ್ಲಿ ಜಾಣ. ಹೆಣ್ಣು ನೋಡಲು ಹೋದರೆ ಮಾತುಕತೆ ಮುಗಿಯುವ ತನಕ ಆ ಮನೆಯ ಊಟ ಮುಟ್ಟುತ್ತಿರಲಿಲ್ಲ. ಉಂಡರೆ ಒಪ್ಪಿದಂತೆ ಎಂಬುದು ನಮ್ಮ ಕಡೆಯ ಪದ್ಧತಿ. ನನಗೆ ಹೆಣ್ಣು ನೋಡಲು ಹೋದ ದಿನ ಹಿರಿಯರು ಜಗಲಿಯಲ್ಲಿ ಇನ್ನೂ ಗೋತ್ರ, ಬಳಗ ಎಂದು ಮಾತಾಡುತ್ತಿದ್ದಾಗ ನಾನು ಒಳಗೆ ಎರಡನೆಯ ಒಬ್ಬಟ್ಟು ಮುಗಿಸಿದ್ದೆ. ಅಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಆ ಮದುವೆ ಒಳ್ಳೆಯದೇ ಆಯಿತು, ಪುಣ್ಯವೆಲ್ಲ ಜಯಮ್ಮನದು. ಕಾರಿನ ವಿಷಯದಲ್ಲಿ ಹಾಗಾಗಲಿಲ್ಲ.

ಕಾರು ಬೇಕಾಗಿದ್ದದ್ದು ಜಯಮ್ಮನ ಸೊಂಟಕ್ಕೆ. ಆಪರೇಷನ್ ಆದಮೇಲೆ ಡಾಕ್ಟರು ಕುಲುಕಾಟ ಕೂಡದು ಎಂದಿದ್ದರು. ಅವಳ ತವರು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಮಧುಗಿರಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗುವ ಧೈರ್ಯವಿಲ್ಲದೆ ಎರಡು ವರ್ಷದಿಂದ ಅವಳು ತಂಗಿಯ ಮುಖವನ್ನು ಫೋನಿನಲ್ಲೇ ನೋಡುತ್ತಿದ್ದಳು. ಮಾತು ಮುಗಿದು ಪರದೆ ಕಪ್ಪಾದಮೇಲೂ ಫೋನನ್ನು ಕೈಯಲ್ಲೇ ಹಿಡಿದು ಕೂತಿರುತ್ತಿದ್ದಳು. ನನ್ನಿಂದ ಅದನ್ನು ನೋಡಲಾಗುತ್ತಿರಲಿಲ್ಲ. ಕೊರಟಗೆರೆ ಕಡೆಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತನಾದ ವಾರವೇ, ನಿನ್ನನ್ನು ಅಲುಗಾಡದ ಹಾಗೆ ತವರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ದೊಡ್ಡವರ ವಿದೇಶಿ ಕಾರುಗಳು ಸ್ಪ್ರಿಂಗಿನ ಮೇಲಲ್ಲ, ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುತ್ತವಂತೆ, ಹೊಟ್ಟೆಯಲ್ಲಿನ ನೀರೂ ಅಲುಗುವುದಿಲ್ಲವಂತೆ, ಹಳೆಯದಾದರೆ ನಮ್ಮಂಥವರ ಕೈಗೂ ಎಟುಕುತ್ತವಂತೆ. ಇಷ್ಟು ಅಂತೆಗಳ ಮೇಲೆ ನಾನು ಹೊರಟೆ.

ಪೆದ್ದನಂತೆ ಹೊರಟೆ ಎಂದುಕೊಳ್ಳಬೇಡಿ. ಹಳೆಯ ಕಾರು ನೋಡುವುದು ಹೇಗೆಂದು ಒಂದು ತಿಂಗಳು ಓದಿ ನೋಟುಬುಕ್ಕಿನ ಹನ್ನೊಂದು ಪುಟ ತುಂಬಿಸಿದ್ದೆ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಹೊಗೆ ನೋಡಬೇಕು. ಬಾಗಿಲಿಗೆ ಅಯಸ್ಕಾಂತ ಹಿಡಿಯಬೇಕು, ಅಂಟದಿದ್ದರೆ ಗುದ್ದಿದ ಗುಳಿಗೆ ಬಣ್ಣದಡಿ ಪುಟ್ಟಿ ತುಂಬಿದ್ದಾರೆಂದು ತಿಳಿಯಬೇಕು. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಬೇಕು, ಕೆಸರಿದ್ದರೆ ಕಾರು ಯಾವುದೋ ನೆರೆಯಲ್ಲಿ ಮುಳುಗಿ ಎದ್ದದ್ದು. ಜೊತೆಗೆ ಶಿರಾದ ಮೆಕ್ಯಾನಿಕ್ ಖಾದರ್ ಸಾಬಿಯನ್ನೂ ಕರೆದುಕೊಂಡೆ. ಆತ ಇಂಜಿನ್ನಿನ ಸದ್ದು ಕೇಳಿಯೇ ಅದರ ಜಾತಕ ಹೇಳುವ ಮನುಷ್ಯ, ಮುಲಾಜಿಲ್ಲದ ಬಾಯಿ. ಶಿರಾಕ್ಕೆ ಹೋಗಿ ಅವನನ್ನು ಬಸ್ಸು ಹತ್ತಿಸಿಕೊಂಡು, ಕಳ್ಳಂಬೆಳ್ಳದ ಮೇಲೆ ಹಾದು ತೋವಿನಕೆರೆ ಹತ್ತಿರ, ಮಾರಾಟಕ್ಕಿದ್ದ ಕಾರಿನ ಮಾಲೀಕರ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅನಾಹುತ ಶುರುವಾದದ್ದೇ ಅಲ್ಲಿ.

ಮಾಲೀಕರು ರಂಗಶಾಮಣ್ಣ, ಬೋರ್‌ವೆಲ್ ಲಾರಿ ಇಟ್ಟವರು. ಕಾರು ಎಲ್ಲಿಗೆ ಓಡಿಹೋಗುತ್ತದೆ, ಮೊದಲು ಕೈ ತೊಳೆಯಿರಿ ಎಂದರು. ನಾನು ಬೇಡವೆನ್ನುವ ಹೊತ್ತಿಗೆ ಅವರ ತಾಯಿ ಬಾಗಿಲಿಗೆ ಬಂದು ಎರಡೂ ಕೈ ಚಾಚಿ ತೋರಿಸಿದರು. "ಹೊತ್ತು ಹುಟ್ಟೋಕೆ ಮುಂಚಿಂದ ಅವರೇಕಾಳು ಹಿತುಕಿದೀನಿ ಕಣಪ್ಪ, ಬೆರಳೆಲ್ಲ ಸುಕ್ಕುಗಟ್ಟವೆ. ಉಣ್ದೆ ಹೋಗ್ಬ್ಯಾಡಿ."

ಹಿತುಕಿದ ಬೇಳೆ ಸಾರು ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನೆನೆದ ಒಂದೊಂದು ಕಾಳಿನ ಸಿಪ್ಪೆಯನ್ನೂ ಬೆರಳಲ್ಲಿ ಒತ್ತಿ ಬಿಡಿಸಬೇಕು. ಬಿಸಿ ಮುದ್ದೆ, ಆ ಸಾರು, ಮೇಲೆ ತುಪ್ಪ. ನಾನು ಎರಡು ಮುದ್ದೆ ಉಂಡೆ. ಖಾದರ್ ಮೂರನೆಯದಕ್ಕೆ ಬೇಡ ಬೇಡ ಎನ್ನುತ್ತಲೇ ತಟ್ಟೆ ಮುಂದಕ್ಕೆ ತಳ್ಳಿದ. ರಂಗಶಾಮಣ್ಣ ಮಾತ್ರ ನಮ್ಮ ಜೊತೆ ಕೂರಲಿಲ್ಲ, ಬಡಿಸುತ್ತ ನಿಂತಿದ್ದರು.

ಆಮೇಲೆ ಪರೀಕ್ಷೆ. ಖಾದರ್ ಹಿಂದಿನ ಬಾಗಿಲಿಗೆ ಅಯಸ್ಕಾಂತ ಇಟ್ಟ, ಅದು ಬಿದ್ದುಹೋಯಿತು. ಮತ್ತೆ ಇಟ್ಟ, ಮತ್ತೆ ಬಿತ್ತು. ಎರಡನೆಯ ಸಲ ಆ ತಾಯಿಯೇ ಬಗ್ಗಿ ಎತ್ತಿಕೊಟ್ಟರು. ಖಾದರ್ ಆ ಸುಕ್ಕುಗಟ್ಟಿದ ಬೆರಳು ನೋಡಿ, ಅಯಸ್ಕಾಂತವೇ ಹಳೆಯದು ಎಂದು ಅದನ್ನು ಜೇಬಿಗೆ ಹಾಕಿಕೊಂಡ. ಕಾರ್ಪೆಟ್ ಎತ್ತಿದೆ, ಒಣಗಿದ ಕೆಂಪು ಕೆಸರು ಹೆಪ್ಪುಗಟ್ಟಿತ್ತು. ಹೊಲಗದ್ದೆ ಇರುವವರ ಕಾರಿನಲ್ಲಿ ಮಣ್ಣಿಲ್ಲದೆ ಇನ್ನೇನು ಎಂದು ನಾನೇ ಹೇಳಿದೆ. ಇಂಜಿನ್ ಮುಟ್ಟಿದರೆ ಆಗಲೇ ಬೆಚ್ಚಗಿತ್ತು; ಬಿಸಿಲು ಎಂದೆ. ಕಾರು ನೆರಳಿನಲ್ಲಿತ್ತು. ಹಿಂದಿನ ಎಡಮೂಲೆ ಕುಸಿದಿತ್ತು. ನೆಲ ತಗ್ಗು ಎಂದೆ. ರಂಗಶಾಮಣ್ಣ ಒಂದೇ ಒಂದು ಸುಳ್ಳು ಹೇಳಲಿಲ್ಲ, ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಎಲೆ ಅಡಿಕೆ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದರು. ಸುಳ್ಳೆಲ್ಲ ನಾವೇ ಹೇಳಿಕೊಂಡೆವು. ಹನ್ನೊಂದು ಪುಟಕ್ಕೂ ಟಿಕ್ ಹಾಕಿ, ದುಡ್ಡು ಎಣಿಸಿ ಕೊಟ್ಟು, ಸಂಜೆಗೆ ಮುಂಚೆ ಕಾರು ಮನೆಗೆ ತಂದೆ. ಜಯಮ್ಮ ಮೆಲ್ಲಗೆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಹಾಯಾಗೈತೆ ಕಣ್ರೀ ಎಂದಳು. ಆ ಒಂದು ಗಳಿಗೆಗೆ ನಾನು ದೊಡ್ಡ ಮನುಷ್ಯನಾಗಿದ್ದೆ.

ಬೆಳಗ್ಗೆ ಎದ್ದು ನೋಡಿದರೆ ಕಾರು ಹಿಂಗಾಲು ಮಡಚಿ ನೆಲಕ್ಕೆ ಕೂತಿತ್ತು. ಗಾಳಿಚೀಲಗಳಲ್ಲಿ ಗಾಳಿಯಿರಲಿಲ್ಲ. ಬೀದಿಯವರೆಲ್ಲ ಹಲ್ಲುಜ್ಜುತ್ತ ಬಂದು ನೋಡಿದರು. ಖಾದರನಿಗೆ ಫೋನು ಮಾಡಿದರೆ ಅವನು ಪುಟ್ಟಿ, ಕೆಸರು, ಚೀಲ ಎಲ್ಲವನ್ನೂ ತಾನಾಗಿಯೇ ಪಟ್ಟಿ ಮಾಡಿ ಹೇಳಿದ.

"ನೆನ್ನೆನೇ ಗೊತ್ತಿತ್ತು ಸಾರ್. ಅವರ ನಮಕ್, ಉಪ್ಪು ತಿಂದ್ಬುಟ್ಟಿದ್ವಲ್ಲ, ಹೆಂಗೆ ಹೇಳಾದು?"

ಬಯ್ಯೋಣವೆಂದರೆ ಯಾವ ಬಾಯಲ್ಲಿ ಬಯ್ಯಲಿ. ಅವನು ಬಂದು ಏನೇನೋ ಸುತ್ತಿ, ಗಾಳಿ ತುಂಬಿಸಿ, ಸದ್ಯಕ್ಕೆ ಎಬ್ಬಿಸಿ ನಿಲ್ಲಿಸಿದ. ನಿಂತಿರುವಾಗಲೇ ತವರು ಮುಟ್ಟಿಸಿಬಿಡೋಣ, ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟು ದುಡ್ಡು ಕಂಡವರು ಆ ಕಡೆ ಬೇಕಾದಷ್ಟಿದ್ದಾರೆ, ಯಾರಿಗಾದರೂ ಅಲ್ಲೇ ಮಾರಿಬಿಡೋಣ ಎಂದು ಜಯಮ್ಮನನ್ನು ಕೂರಿಸಿಕೊಂಡು ಹೊರಟೆ. ಮಿಡಿಗೇಶಿ ದಾಟುವ ತನಕ ಚೆನ್ನಾಗಿತ್ತು. ಆಮೇಲೆ ಹಿಂಭಾಗ ದಡಕ್ಕೆಂದು ಕುಸಿಯಿತು, ಜಯಮ್ಮ ಹಲ್ಲು ಕಚ್ಚಿ ಸೊಂಟ ಹಿಡಿದುಕೊಂಡಳು. ಜೀವಮಾನದಲ್ಲಿ ಅಷ್ಟು ನಾಚಿಕೆಪಟ್ಟ ನೆನಪಿಲ್ಲ. ಅವಳು ಬಯ್ಯಲಿಲ್ಲ. ಪಾವಗಡದ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿ, ಹತ್ತುವ ಮುಂಚೆ ಒಂದು ಮಾತು ಹೇಳಿದಳು: "ಯಾರಾದ್ರೂ ಕೇಳಿದ್ರೆ ಕೊಟ್ಬುಡಿ. ಬಾಯಿ ಮಾತ್ರ ಮುಚ್ಕೊಂಡಿರಿ."

ಕೇಳುವವರೂ ಸಿಕ್ಕರು. ರಸ್ತೆ ಪಕ್ಕದ ಮನೆಯ ಯಜಮಾನರು, ಜಮೀನನ್ನು ಸೋಲಾರಿಗೆ ಗುತ್ತಿಗೆ ಕೊಟ್ಟವರು, ಕಾರಿನ ಸುತ್ತ ಎರಡು ಸಲ ಬಂದರು. ಇಂಥದೊಂದು ಬೇಕೂಂತ ಮಗಳು ಬಹಳ ದಿನದಿಂದ ಹೇಳ್ತವಳೆ ಎಂದರು. ಬಾಯಿ ಮುಚ್ಚಿಕೊಂಡೇ ಇದ್ದೆ, ನಂಬಿ. ಆಗ ಅವರ ಮನೆಯಾಕೆ ಒಳಗಿನಿಂದ ಆ ಕಡೆಯ ತೆಲುಗು ಬೆರೆಸಿ, "ರಂಡಿ ಸಾರ್, ಮೊದ್ಲು ಅನ್ನಂ ತಿನಂಡಿ" ಎಂದು ಊಟಕ್ಕೆ ಕರೆದರು. ಹೊಟ್ಟೆ ಚುರುಗುಟ್ಟುತ್ತಿತ್ತು. ಮುದ್ದೆ, ಕಡಲೆಕಾಯಿ ಚಟ್ನಿ, ಗಟ್ಟಿ ಮೊಸರು. ಕೈ ತೊಳೆದಮೇಲೆ ಯಜಮಾನರು ವಿನಯವಾಗಿ, ಕಾರಿನಲ್ಲಿ ದೋಷ ಏನಾದ್ರೂ ಐತಾ ಸಾರ್ ಎಂದು ಕೇಳಿದರು. ನನ್ನ ಹಾಳು ನಾಲಗೆ ಪುಟ್ಟಿಯಿಂದ ಶುರುಮಾಡಿ ಗಾಳಿಚೀಲದ ತನಕ ಒಂದನ್ನೂ ಬಿಡಲಿಲ್ಲ. ಮರೆತದ್ದಿರಬಹುದೆಂದು ನೋಟುಬುಕ್ಕನ್ನೂ ತೆಗೆದು ನೋಡಿದೆ.

ಅಷ್ಟರಲ್ಲಿ ಜಯಮ್ಮನ ಫೋನು ಬಂತು. ತಲುಪಿದಳಂತೆ. ಮುಂದಿನ ಸೀಟು ಸಿಕ್ಕಿತ್ತಂತೆ, ರೋಡು ಈಗ ಚೆನ್ನಾಗಿದೆಯಂತೆ, ಬಸ್ಸು ಅಲುಗಾಡಲೇ ಇಲ್ಲವಂತೆ. ಹಿಂದಿನಿಂದ ತಂಗಿಯ ನಗು ಕೇಳುತ್ತಿತ್ತು.

"ಕಾರು ಯಾರಾದ್ರೂ ಕೇಳಿದ್ರಾ?"

"ಕೇಳಿದ್ರು."

"ಕೊಟ್ರಾ?"

"ಊಟಕ್ಕೆ ಕೂರಿಸ್ಬುಟ್ರು ಕಣೆ" ಎಂದೆ.